ಮೋಡದ ಮೇಲಿನ ಅಟ್ಟ

ಹಿಂದಿನವರ ಮನೆಗಳಲ್ಲಿ ಅಟ್ಟವೆಂಬುದೊಂದು ಇರುತ್ತಿತ್ತು. ಬಳಕೆಗೆ ಬಾರದ, ಆದರೆ ಬಿಸಾಡಲು ಮನಸ್ಸೂ ಬಾರದ ವಸ್ತುಗಳೆಲ್ಲ ಅಲ್ಲಿಗೆ ಏರುತ್ತಿದ್ದವು. ನನ್ನ ಲ್ಯಾಪ್‌ಟಾಪಿಗೆ ಆ ಭಾಗ್ಯವಿಲ್ಲ. ಅದರ ಡಿಸ್ಕು ಕೇವಲ 128 ಜಿಬಿಯದು. ಯಂತ್ರವನ್ನು ನಡೆಸುವ ವ್ಯವಸ್ಥೆಯೇ ಅದರಲ್ಲಿ ದೊಡ್ಡ ಪಾಲನ್ನು ನುಂಗಿದ ಮೇಲೆ, ಉಳಿದ ಇಕ್ಕಟ್ಟಿನಲ್ಲಿ ಮಕ್ಕಳ ಚಿತ್ರಗಳು, ವಿದ್ಯಾರ್ಥಿಗಳ ಪ್ರಬಂಧಗಳು, ಕಾಲವಾದ ನನ್ನ ತಂದೆಯವರ ಗಮಕವಾಚನದ ಧ್ವನಿಮುದ್ರಣಗಳು ಎಲ್ಲವೂ ಸಂಸಾರ ಹೂಡಿದ್ದವು. ‘ಸ್ಥಳವಿಲ್ಲ’ ಎಂದು ಯಂತ್ರವು ದಿನವೂ ಗದರಿಸುತ್ತಿತ್ತು.

ಮಿತ್ರರೊಬ್ಬರು ಕ್ಲೌಡ್ ಸ್ಟೋರೇಜಿನ ದಾರಿ ತೋರಿಸಿದರು. ಹೆಸರು ಮೋಡವಾದರೂ ಅದಿರುವುದು ನೆಲದ ಮೇಲೆಯೇ. ಎಲ್ಲಿಯದೋ ಕಟ್ಟಡದಲ್ಲಿ ಸಾಲುಗಟ್ಟಿ ನಿಂತ ಪರರ ಯಂತ್ರಗಳೇ ಅದು. ಬಾಡಿಗೆ ತೆತ್ತು 100 ಜಿಬಿ ಪಡೆದೆ. ಅದರ ಸೊಗಸೇನೆಂದರೆ, ಫೈಲಿನ ಹೆಸರು ಮಾತ್ರ ನಮ್ಮಲ್ಲಿ, ಒಡಲು ಮೋಡದಲ್ಲಿ. ಹೆಸರನ್ನು ಒತ್ತಿದೊಡನೆ ಒಡಲು ಇಳಿದು ಬರುತ್ತದೆ. ಇಂಟರ್ನೆಟ್ ಇಲ್ಲದ ದಿನ ಮಾತ್ರ ಹೆಸರನ್ನೇ ಜಪಿಸುತ್ತ ಕುಳಿತಿರಬೇಕು.

ತಂದೆಯವರ ವಾಚನವನ್ನು ಒಮ್ಮೆ ಹೀಗೆ ಇಳಿಸಿಕೊಂಡು ಕೇಳಿದೆ. ಡಿಸ್ಕು ಮತ್ತೆ ತುಂಬಿತು. ‘ಜಾಗ ತೆರವು ಮಾಡು’ ಎಂಬ ಆಜ್ಞೆಯನ್ನು ಕೊಟ್ಟಿದ್ದರೆ ಒಡಲಷ್ಟೇ ಹಿಂದಿರುಗುತ್ತಿತ್ತು. ಪಂಡಿತನಾದ ನಾನಾದರೋ, ‘ಹೇಗೂ ಮೇಲೊಂದು ಪ್ರತಿಯಿದೆಯಲ್ಲ’ ಎಂದು ‘ಅಳಿಸು’ ಎಂಬುದನ್ನೇ ಒತ್ತಿ, ಯಂತ್ರದ ಕಸದ ಬುಟ್ಟಿಯನ್ನೂ ಬರಿದುಮಾಡಿದೆ. ಮೋಡ ಮತ್ತು ಡಿಸ್ಕುಗಳ ನಡುವೆ ಇದ್ದುದು ಕನ್ನಡಿಯ ಸಂಬಂಧವೆಂಬುದು ನನಗೆ ಹೊಳೆಯಲಿಲ್ಲ. ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯಿತು.

ತಿಥಿಯ ಹಿಂದಿನ ದಿನ ತಾಯಿ ಬಳಿ ಬಂದು, “ಅವರು ಓದಿದ ವಿರಾಟಪರ್ವ ಹಾಕಪ್ಪ, ದನಿ ಕೇಳಿ ಬಹಳ ದಿನವಾಯಿತು” ಎಂದರು. ಹುಡುಕಿದೆ, ಹೆಸರೂ ಇಲ್ಲ, ಒಡಲೂ ಇಲ್ಲ. ಕೈಕಾಲು ತಣ್ಣಗಾದವು. “ಇಂಟರ್ನೆಟ್ ನಿಧಾನವಾಗಿದೆ, ಅಮ್ಮ” ಎಂದು ಸುಳ್ಳಾಡಿದೆ. ಅಂದು ರಾತ್ರಿ ತಡಕಾಡುತ್ತಿದ್ದಾಗ ಮೋಡಕ್ಕೂ ಒಂದು ಕಸದ ಬುಟ್ಟಿ ಉಂಟೆಂದು ತಿಳಿಯಿತು. ಅಳಿಸಿದ ಫೈಲು ಅದರಲ್ಲಿ 30 ದಿನ ಉಳಿಯುತ್ತಿತ್ತು; ಅಂದು 26ನೆಯ ದಿನ!

ಪರರ ಅಟ್ಟ ಇಕ್ಕಟ್ಟನ್ನು ನೀಗುವುದು ನಿಜ. ಆದರೆ ಅಲ್ಲಿಯ ಕಟ್ಟಳೆಗಳು ಪರರವು. 2015ರಲ್ಲಿ ಮೈಕ್ರೋಸಾಫ್ಟ್ ತನ್ನ ಉಚಿತ 15 ಜಿಬಿಯನ್ನು 5ಕ್ಕೆ ಇಳಿಸುವುದಾಗಿ ಸಾರಿತು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ದೊರೆಯುತ್ತಿದ್ದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಜಾಗಕ್ಕಾಗಿ ಮೋಡವನ್ನು ನಂಬಬಹುದು. ಮತ್ತೆ ದೊರೆಯದ ವಸ್ತುವಿಗೆ ಬೇರೆಯಾಗಿಯೇ ಒಂದು ಪ್ರತಿ ಇರಬೇಕು. ಈಗ ತಂದೆಯವರ ದನಿ ಹೊರಗಿನ ಹಾರ್ಡ್ ಡಿಸ್ಕೊಂದರಲ್ಲಿ, ತಾಯಿಯ ಬೀರುವಿನೊಳಗೂ ಇದೆ.

ವಿರಾಟಪರ್ವವನ್ನು ಓದಿಸಿದರೆ ಮೋಡ ಮಳೆಗರೆಯುವುದೆಂದು ನಮ್ಮವರ ನಂಬಿಕೆ. ಆ ಬೆಳಗ್ಗೆ ನಮ್ಮ ಮನೆಯಲ್ಲಿ ಮೋಡವೇ ವಿರಾಟಪರ್ವವನ್ನು ಸುರಿಸಿತು. ಮಳೆ ಬಂದುದು ತಾಯಿಯ ಕಣ್ಣಿನಲ್ಲಿ.