ಇಂಗು ಸಾಲ್ತಿಲ್ಲೆ

ಸಿದ್ದಾಪುರ ಕಡೆಯ ನನ್ನ ಅಜ್ಜನಮನೆಯಲ್ಲಿ ಯಾರಿಗೆ ಹೊಟ್ಟೆ ಉಬ್ಬರಿಸಿದರೂ ಅಮ್ಮಮ್ಮನ ಔಷಧ ಒಂದೇ. "ಎಂತಾ ಆಗ್ತಿಲ್ಲೆ ತಮಾ, ಒಂದ್ಲೋಟ ಅಪ್ಪೆಹುಳಿ ಕುಡಿ, ಅರಗ್ತು." ಅಪ್ಪೆಮಿಡಿ ಬೇಯಿಸಿ ಕಿವುಚಿ, ನೀರು, ಉಪ್ಪು ಬೆರೆಸಿ, ಇಂಗು, ಸಾಸಿವೆ, ಸೂಜಿಮೆಣಸಿನ ಒಗ್ಗರಣೆಯನ್ನು ಚುಂಯ್ ಅನ್ನಿಸಿದರೆ ಮುಗಿಯಿತು. ಮದುವೆಮನೆಗಳಲ್ಲಿ ಹೋಳಿಗೆ ತುಪ್ಪದ ಮೇಲೆ ಅದನ್ನು ಲೋಟಗಟ್ಟಲೆ ಕುಡಿದು, ಎಲೆಯಡಿಕೆಯ ಕವಳ ಹಾಕಿ, ಜಗಲಿಯ ಕಂಬಕ್ಕೆ ಒರಗಿದಲ್ಲೇ ನಿದ್ದೆ ಹೋದವರನ್ನು ಎಣಿಸುತ್ತ ಬೆಳೆದವನು ನಾನು. ಉಂಡದ್ದನ್ನೆಲ್ಲ ಕರಗಿಸುವುದು ಆ ಹುಳಿಯೇ ಎಂದು ನಂಬಿದ್ದೆ.

ಶಿರಸಿಯಲ್ಲಿ ಕಾಲೇಜು ಸೇರಿದ ಮೇಲೆ ಗೊತ್ತಾಯಿತು, ಜಠರದಲ್ಲಿ ತಾನಾಗಿ ಒಸರುವ ಆಮ್ಲದ ಮುಂದೆ ನಮ್ಮ ಅಪ್ಪೆ ಸಪ್ಪೆ. ಅನ್ನ ಬಾಯಿಯ ಜೊಲ್ಲಿನಲ್ಲೇ ಸಕ್ಕರೆಯಾಗಲು ಹೊರಡುತ್ತದಂತೆ. ಬೇಳೆಯ ಪ್ರೋಟೀನು ಒಡೆಯತೊಡಗುವುದು ಜಠರದಲ್ಲಿ. ಸಾರವನ್ನು ಹೀರುವ ಕೆಲಸದ ಬಹುಪಾಲು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನದು. ಮುಂದಿನದನ್ನು ಅಡಿಕೆ ಬೆಳೆಗಾರನಿಗೆ ಹೇಳುವುದು ಸುಲಭ. ಯಕೃತ್ತು ಅಂದರೆ ಅಡಿಕೆ ಮಾರಾಟದ ಸಹಕಾರಿ ಸೊಸೈಟಿ. ಅನ್ನದ ಸಕ್ಕರೆ ಮೊದಲು ಅಲ್ಲಿಗೇ ಹೋಗಬೇಕು. ಹೆಚ್ಚಾದದ್ದನ್ನು ಅದು ಗೋದಾಮಿನಲ್ಲಿಟ್ಟು, ನಡುರಾತ್ರಿ ಮೈಗೆ ಬೇಕಾದಾಗ ಅಷ್ಟಷ್ಟೇ ಬಿಡುತ್ತದೆ. ತುಪ್ಪದ ಬಹುಪಾಲು ಮಾತ್ರ ಸೊಸೈಟಿ ತಪ್ಪಿಸಿ ಒಳದಾರಿ ಹಿಡಿಯುತ್ತದೆ. ಪಿತ್ತರಸ ಅದನ್ನು ಹನಿಹನಿಯಾಗಿ ಬಿಡಿಸಿದ ಮೇಲೆ, ದುಗ್ಧರಸದ ನಾಳಗಳಲ್ಲಿ ಮೇಲೇರಿ ಎಡಭುಜದ ಹತ್ತಿರ ರಕ್ತ ಸೇರುತ್ತದೆ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ, ಹೊಟ್ಟೆತುಂಬ ತಿಂದಿದ್ದ ನಾಯಿಯೊಂದನ್ನು ಕೊಯ್ದಾಗ ಈ ಒಳದಾರಿ ಬಿಳಿ ಎಳೆಗಳಾಗಿ ಕಂಡಿತು.

ಅದಾಗಿ ಸರಿಯಾಗಿ ಇನ್ನೂರು ವರ್ಷಕ್ಕೆ, 1822ರ ಜೂನ್‌ನಲ್ಲಿ, ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ತುಪ್ಪಳದ ವ್ಯಾಪಾರಿಗಳ ಕೂಲಿಯಾಳು ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಆಳು ಬದುಕಿದ, ಜಠರದ ತೂತು ಮುಚ್ಚಲಿಲ್ಲ. ಆರೈಕೆ ಮಾಡಿದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್‌ಗೆ ಅದು ಕಿಟಕಿಯಾಯಿತು. ಮಾಂಸ, ರೊಟ್ಟಿ, ಎಲೆಕೋಸನ್ನು ರೇಷ್ಮೆದಾರಕ್ಕೆ ಕಟ್ಟಿ ಒಳಗೆ ಇಳಿಬಿಡುವುದು, ಗಂಟೆಗೊಮ್ಮೆ ಎಳೆದು ನೋಡುವುದು. ನಾವು ಹೊಳೆಗೆ ಗಾಳ ಹಾಕಿದ ಹಾಗೆ! ಜಠರರಸವನ್ನು ಶೀಸೆಗೆ ತೆಗೆದು ಮೈಬಿಸಿಯಷ್ಟೇ ಬೆಚ್ಚಗಿಟ್ಟರೆ, ಮಾಂಸ ಅದರಲ್ಲೂ ಕರಗಿತು. ಇನ್ನೂರಕ್ಕೂ ಹೆಚ್ಚು ಪ್ರಯೋಗ ಮಾಡಿ 1833ರಲ್ಲಿ ಪುಸ್ತಕ ತಂದ. ವೈದ್ಯನಿಗೆ ಹೆಸರು ಬಂತು. ಅವನ ಮನೆಯ ಕಟ್ಟಿಗೆಯನ್ನೂ ಒಡೆಯುತ್ತಿದ್ದ ಅಲೆಕ್ಸಿಸ್‌ನ ಪಾಡು ಓದಿದಾಗ ನನಗಂತೂ ಹೊಟ್ಟೆ ಚುರುಕ್ಕೆಂದಿತು. 1880ರಲ್ಲಿ ಅವನು ಸತ್ತಾಗ, ಹೆಣ ವೈದ್ಯರ ಕೈಸೇರದಿರಲೆಂದು ಮನೆಯವರು ಕೊಳೆಯುವವರೆಗೆ ಕಾದು ಹೂಳಿದರು.

ಬ್ಯೂಮಾಂಟ್ ಇನ್ನೊಂದನ್ನೂ ಕಂಡಿದ್ದ. ಅಲೆಕ್ಸಿಸ್ ಸಿಟ್ಟಿಗೆದ್ದ ದಿನ ಜೀರ್ಣ ಏರುಪೇರಾಗುತ್ತಿತ್ತು. ಅಮ್ಮಮ್ಮನಿಗೆ ಯಾವ ಕಿಟಕಿಯೂ ಇರಲಿಲ್ಲ, ಆದರೂ ಉಣ್ಣುವಾಗ ಜಗಳ ಕೂಡದೆಂಬ ಕಟ್ಟಳೆ ಇತ್ತು. ಕವಳ ಹಾಕಿದರೆ ಉಂಡದ್ದು ಅರಗುತ್ತದೆ ಎಂಬ ಅವಳ ಮಾತನ್ನು ಮಾತ್ರ ಒಪ್ಪಲಾರೆ. ಅಡಿಕೆ ಜೊಲ್ಲು ಹೆಚ್ಚಿಸುವುದು ನಿಜ, ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿರುವುದೂ ನಿಜ. ತೋಟದ ಮನೆಗಳಲ್ಲಿ ಈ ಮಾತು ಬೇಗ ಅರಗುವುದಿಲ್ಲ.

ಒಂದು ಚೌತಿಯ ಊಟದಲ್ಲಿ ಯಲ್ಲಾಪುರದಿಂದ ಬಂದಿದ್ದ ದೊಡ್ಡಮಾವ ತೋಟದ ಹಿಸೆಯ ಮಾತೆತ್ತಿದ. ಸಣ್ಣಮಾವನ ದನಿ ಏರಿತು. "ಉಂಬಕಾದ್ರೆ ಹಿಸೆ ಸುದ್ದಿ ತೆಗೆಯಡಿ" ಎಂದು ಅಮ್ಮಮ್ಮ ಅಡುಗೆಮನೆಯಿಂದಲೇ ಕೂಗಿದಳು. ದೊಡ್ಡಮಾವ ಅರ್ಧ ಊಟಕ್ಕೇ ಎದ್ದು ಅಂಗಳಕ್ಕೆ ಹೋದ. ಅವಳು ಲೋಟ ಹಿಡಿದು ಹಿಂದೆಯೇ ಹೋದಳು, ಒಂದು ಮಾತೂ ಆಡದೆ ಕೈಗಿತ್ತಳು. ಅವನು ನಿಂತಲ್ಲೇ ಗಟಗಟ ಕುಡಿದ. ಒಳಗೆ ಕೂತವರಿಗೆಲ್ಲ ಅವನ ತೇಗು ಕೇಳಿತು.

"ಇಂಗು ಸಾಲ್ತಿಲ್ಲೆ" ಎಂದು ಲೋಟ ಮುಂದೆ ಹಿಡಿದ.