ಗುಟ್ಟು ಕಾಯುವ ವಿದ್ಯೆ

ವಿದ್ಯೆಯನ್ನು ಬಚ್ಚಿಟ್ಟರೆ ಕ್ಷಯಿಸುವದು, ಹಂಚಿದರೆ ಬೆಳೆಯುವದು ಎಂದು ಮೂವತ್ತುನಾಲ್ಕು ವರ್ಷ ಹುಡುಗರಿಗೆ ಹೇಳುತ್ತ ಬಂದವನು ನಾನು. ಮಾಸ್ತರಿಕೆಯೆಂಬುದೇ ಹೇಳುವ ಕಸಬು. ತಿಳಿದದ್ದನ್ನು ತಿಳಿಯದವರಿಗೆ ಮುಟ್ಟಿಸುವದರಲ್ಲಿಯೇ ನಮ್ಮ ಜನ್ಮದ ಸಾರ್ಥಕ್ಯವಿರುವದು. ಆದರೆ ತಿಳಿದದ್ದನ್ನು ಹೇಳದೆ ಇರುವದನ್ನೇ ಕ್ರಮವಾಗಿ ಕಲಿಸುವ, ಕಲಿತವರನ್ನು ಪರೀಕ್ಷಿಸುವ, ತೇರ್ಗಡೆಯಾದವರಿಗೆ ಪ್ರಮಾಣಪತ್ರ ಕೊಡುವ ವಿದ್ಯೆಯೊಂದು ಲೋಕದಲ್ಲಿದೆ ಎಂಬುದು ನನಗೆ ಸ್ಪಷ್ಟವಾದದ್ದು ನಿವೃತ್ತನಾದ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ.

ಇವನು ನಮ್ಮ ಗುಳೇದಗುಡ್ಡದ ನೇಕಾರರ ಮನೆಯ ಹುಡುಗ. ತಂದೆ ಇಂದಿಗೂ ಕುಣಿಮಗ್ಗದಲ್ಲಿ ಕುಳಿತು ಖಣ ನೇಯುವವನು. ಮಗ ಸಂಸ್ಕೃತದಲ್ಲಿ ಜಾಣ, ಗಣಿತದಲ್ಲಿ ಅದಕ್ಕಿಂತಲೂ ಜಾಣ. ಈಗ ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಗೆ ಸೇರಿದ ಕಚೇರಿಯೊಂದರಲ್ಲಿ ಭದ್ರತಾ ಅಧಿಕಾರಿ. 1940ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ ವಿಮಾನದ ಕಾರ್ಖಾನೆಯನ್ನು ಕಟ್ಟಿದಂದಿನಿಂದ ಆ ನಗರದಲ್ಲಿ ಇಂಥ ಕಾರ್ಖಾನೆ, ಪ್ರಯೋಗಶಾಲೆಗಳು ಒಂದರ ಹಿಂದೊಂದು ಬೆಳೆದಿವೆ. ಅವುಗಳೊಳಗೆ ನಡೆಯುವ ಕೆಲಸಗಳಲ್ಲಿ ಎಷ್ಟೋ ಕೆಲಸಗಳು ಹೊರಗಿನವರಿಗೆ ತಿಳಿಯಕೂಡದವು. ಹೋದ ದಸರೆಗೆ ಊರಿಗೆ ಬಂದಾಗ ಆತನು ನನಗೆ ಬನ್ನಿ ಕೊಡಲು ಬಂದು, “ಗುರುಗಳೇ, ಬಾಯಿ ಮುಚ್ಚಿಕೊಂಡಿರೂದಕ್ಕೂ ಪರೀಕ್ಷಾ ಕೊಟ್ಟು ಬಂದೇನ್ರಿ” ಎಂದು ನಕ್ಕನು.

ಅವನು ಯಾವ ಗುಟ್ಟನ್ನೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುಟ್ಟನ್ನು ಕಾಯುವ ರೀತಿಯು ಮಾತ್ರ ಗುಟ್ಟಲ್ಲವಷ್ಟೆ. ಸರಕಾರದ ಕಾಗದಪತ್ರಗಳಲ್ಲಿ ನಾಲ್ಕು ತರಗತಿಗಳುಂಟು: ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಶಿಯಲ್, ರೆಸ್ಟ್ರಿಕ್ಟೆಡ್. ಹೊರಗೆ ಬಿದ್ದರೆ ದೇಶಕ್ಕೆ ಆಗಬಹುದಾದ ಹಾನಿಯ ಪ್ರಮಾಣಕ್ಕೆ ತಕ್ಕಂತೆ ಈ ತರಗತಿಗಳನ್ನು ಗೊತ್ತುಮಾಡುವರು. ಇಂಥ ಕಾಗದಕ್ಕೆ ಎಷ್ಟು ಪ್ರತಿಗಳು, ಯಾವ ಪ್ರತಿ ಯಾರ ಕೈಯಲ್ಲಿ, ಯಾವಾಗ ಹೋಯಿತು, ಯಾವಾಗ ಮರಳಿತು ಎಂಬುದಕ್ಕೆ ದಪ್ತರ ಇಡಬೇಕು. ಬೇಡವಾದ ಪ್ರತಿಯನ್ನು ಸಾಕ್ಷಿಗಳ ಸಮಕ್ಷಮ ನಾಶಮಾಡಬೇಕು. ದೊಡ್ಡ ಅಧಿಕಾರಿಯೆಂಬ ಮಾತ್ರಕ್ಕೆ ಯಾರಿಗೂ ಎಲ್ಲವನ್ನೂ ನೋಡುವ ಹಕ್ಕಿಲ್ಲ. ತನ್ನ ಕೆಲಸಕ್ಕೆ ಬೇಕಾದಷ್ಟನ್ನು, ಬೇಕಾದವನು ಮಾತ್ರ ತಿಳಿಯಬೇಕು. ಬೀಗ, ಬಾಗಿಲು, ಬಂದುಹೋಗುವವರ ಯಾದಿ, ಗಣಕಯಂತ್ರ, ಕಿಸೆಯಲ್ಲಿಯ ಮೊಬೈಲು, ಕೊನೆಗೆ ಕಸದ ಬುಟ್ಟಿ, ಇವೆಲ್ಲವೂ ಪಾಠದ ವಿಷಯಗಳೇ. ಅಮೇರಿಕೆಯ ರಕ್ಷಣಾ ಇಲಾಖೆಯವರು ಇಂಥ ಅಧಿಕಾರಿಗಳಿಗೆ ಹಲವು ಮೆಟ್ಟಿಲುಗಳ ಪರೀಕ್ಷೆಗಳನ್ನು ಏರ್ಪಡಿಸಿದ್ದಾರೆ. ಅತಿ ಗುಪ್ತವಾದ ವಿಶೇಷ ಯೋಜನೆಗಳನ್ನು ಕಾಯುವವರಿಗಂತೂ ಬೇರೆಯೇ ಪ್ರಮಾಣಪತ್ರವಿದೆ. ಒಮ್ಮೆ ಪಡೆದರೆ ಜನ್ಮಕ್ಕೆಲ್ಲ ಸಾಕಾಯಿತೆಂಬಂತಿಲ್ಲ. ಕಲಿಕೆಯನ್ನು ಮುಂದುವರಿಸಿ ಅದನ್ನು ಆಗಾಗ ನವೀಕರಿಸಿಕೊಳ್ಳಬೇಕು.

ಇದನ್ನೆಲ್ಲ ಕೇಳುತ್ತಿರುವಾಗ, ‘ಇದು ನಮಗೆ ಹೊಸದಲ್ಲವಲ್ಲ!’ ಎಂದು ನನಗೆ ಅನಿಸಿತು. ಇಂಥ ಶಾಸ್ತ್ರವೊಂದು ನಮ್ಮ ನಾಡಿನಲ್ಲಿಯೇ ಎರಡನೆಯ ಸಾರೆ ಹುಟ್ಟಿತು ಎನ್ನಬಹುದು. ತಂಜಾವೂರ ಸೀಮೆಯ ಪಂಡಿತನೊಬ್ಬನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದೊಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವದನ್ನು 1905ರಲ್ಲಿ ಗುರುತಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಮೂಲವನ್ನು ಅವರು 1909ರಲ್ಲಿಯೂ ಇಂಗ್ಲಿಷ್ ಅನುವಾದವನ್ನು 1915ರಲ್ಲಿಯೂ ಪ್ರಕಟಿಸಿದರು. ಶತಮಾನಗಳ ವರೆಗೆ ಹೆಸರು ಮಾತ್ರ ಉಳಿದಿದ್ದ ಗ್ರಂಥವು ಹೀಗೆ ಮೈಸೂರಿನಲ್ಲಿ ಬೆಳಕು ಕಂಡಿತು.

ಆ ಗ್ರಂಥದ ಮೊದಲನೆಯ ಅಧಿಕರಣದಲ್ಲಿ ಮಂತ್ರವನ್ನು, ಎಂದರೆ ರಾಜ್ಯದ ಗುಪ್ತಾಲೋಚನೆಯನ್ನು ಕಾಯುವ ವಿಷಯಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಆಲೋಚನೆಯ ಸ್ಥಳವು ಮಾತು ಹೊರಗೆ ಕೇಳಿಸದಂತೆ, ಪಕ್ಷಿಗಳ ಕಣ್ಣಿಗೂ ಬೀಳದಂತೆ ಇರಬೇಕೆನ್ನುವನು ಕೌಟಿಲ್ಯ. ಗಿಳಿ, ಗೊರವಂಕಗಳಿಂದಲೂ ಮಂತ್ರವು ಬಯಲಾದದ್ದುಂಟೆಂದು ಕೇಳಿದ್ದೇವೆ ಎನ್ನುವನು. ಈ ಮಾತನ್ನೋದಿ ನಗುತ್ತಿದ್ದ ನನ್ನ ವಿದ್ಯಾರ್ಥಿಗಳು ಇಂದು ಕಿಸೆಯಲ್ಲಿ ಮೊಬೈಲಿಟ್ಟುಕೊಂಡು ತಿರುಗುವವರಾದ್ದರಿಂದ ಈಗ ನಗಲಾರರು. ಅಜಾಗರೂಕತೆ, ಮದ್ಯದ ಅಮಲು, ನಿದ್ದೆಯಲ್ಲಿಯ ಬಡಬಡಿಕೆ, ಕಾಮ ಇವುಗಳಿಂದ ಗುಟ್ಟು ಸೋರುವದೆಂದು ಆತನು ಎಣಿಸುವನು. ಈ ಯಾದಿಯಲ್ಲಿ ಶತ್ರುವಿನ ಗೂಢಚಾರನಿಗಿಂತ ನಮ್ಮ ನಮ್ಮ ದೌರ್ಬಲ್ಯಕ್ಕೇ ಹೆಚ್ಚು ಸ್ಥಾನವಿರುವದನ್ನು ವಾಚಕರು ಗಮನಿಸಬೇಕು. ಹಾಗೆಂದು ರಾಜನು ಒಬ್ಬನೇ ಕುಳಿತು ಆಲೋಚಿಸಬೇಕೆಂಬ ಮತವನ್ನು ಅವನು ಒಪ್ಪುವದಿಲ್ಲ. ಒಬ್ಬನೇ ಮಂತ್ರಿಯಾದರೆ ಅಂಕೆಯಿಲ್ಲದೆ ನಡೆಯುವನು. ಇಬ್ಬರಾದರೆ ಒಂದಾಗಿ ಅರಸನನ್ನು ಕಟ್ಟಿಹಾಕುವರು, ಇಲ್ಲವೆ ಜಗಳಾಡಿ ಕೆಲಸ ಕೆಡಿಸುವರು. ಆದುದರಿಂದ ಮೂವರು ಅಥವಾ ನಾಲ್ವರು ಇರಲಿ ಎಂಬುದು ಅವನ ತೀರ್ಪು.

ಪ್ರಮಾಣಪತ್ರದ ಮಾತಿಗೂ ಅಲ್ಲಿ ನೆಲೆಯಿದೆ. ಅಮಾತ್ಯರ ಶುದ್ಧಿಯನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ, ಎಂದರೆ ಗುಪ್ತ ಪರೀಕ್ಷೆಗಳಿಂದ ಅರಿಯಬೇಕು. ಧರ್ಮದ ಪರೀಕ್ಷೆಯಲ್ಲಿ ಗೆದ್ದವನನ್ನು ನ್ಯಾಯದಾನಕ್ಕೆ, ಅರ್ಥದ ಪರೀಕ್ಷೆಯಲ್ಲಿ ಗೆದ್ದವನನ್ನು ಕಂದಾಯ ಹಾಗು ಭಂಡಾರಕ್ಕೆ, ಭಯದ ಪರೀಕ್ಷೆಯಲ್ಲಿ ಗೆದ್ದವನನ್ನು ಅರಸನ ಸಮೀಪದ ಕಾರ್ಯಕ್ಕೆ ನೇಮಿಸಬೇಕು. ನಾಲ್ಕರಲ್ಲಿಯೂ ಗೆದ್ದವನೇ ಮಂತ್ರಿಯಾಗಲು ಯೋಗ್ಯನು. ಆದರೆ ಕೌಟಿಲ್ಯನ ದೊಡ್ಡತನವು ಮುಂದಿನ ಎಚ್ಚರಿಕೆಯಲ್ಲಿದೆ. ಶುದ್ಧವಾದ ನೀರಿಗೆ ವಿಷ ಬೆರಸಿದಂತೆ, ಕೆಡದವನನ್ನು ಪರೀಕ್ಷೆಯ ನೆವದಿಂದ ಕೆಡಿಸಬಾರದು. ಒಮ್ಮೆ ಕದಡಿದ ಮನಸ್ಸು ಮತ್ತೆ ತಿಳಿಯಾಗುವದೆಂಬ ಭರವಸೆಯಿಲ್ಲ ಎಂದು ಅವನ ಅಭಿಪ್ರಾಯ. ಸಂಶಯವನ್ನೇ ಕಸಬು ಮಾಡಿಕೊಂಡವರು ಈ ಮಾತನ್ನು ನಿತ್ಯವೂ ನೆನೆಯತಕ್ಕದ್ದು.

ಮಾಸ್ತರನಿಗೆ ಈ ವಿದ್ಯೆಯ ಪರಿಚಯವೇ ಇಲ್ಲವೆನ್ನುವಂತಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕಾಲಕ್ಕೆ ಪ್ರಶ್ನೆಪತ್ರಿಕೆಗಳ ಮೊಹರು ಮಾಡಿದ ಕಟ್ಟುಗಳು ಖಜಾನೆಯಿಂದ ಮುಂಜಾನೆ ಹೊರಟು ಕೇಂದ್ರಕ್ಕೆ ಬರುವವು. ಗಂಟೆಯನ್ನು ನೋಡಿ, ಮೊಹರನ್ನು ನೋಡಿ, ಸಾಕ್ಷಿಗಳ ಸಹಿ ಹಾಕಿಸಿ ಅವುಗಳನ್ನು ಒಡೆಯುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಹೊರಗೆ ಗಿಡದ ನೆರಳಿನಲ್ಲಿ ಮಕ್ಕಳು ಕೊನೆಯ ಸಾರೆ ಪುಸ್ತಕ ತಿರುವುತ್ತಿರುವಾಗ ಆ ತೆಳುವಾದ ಕಾಗದದ ಕಟ್ಟು ಎಷ್ಟು ಭಾರವೆಂಬುದನ್ನು ಕೈಯಲ್ಲಿ ಹಿಡಿದವನೇ ಬಲ್ಲನು. 2016ರಲ್ಲಿ ನಮ್ಮ ರಾಜ್ಯದ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆಯು ಬಯಲಾಯಿತು. ಮಾರ್ಚ್ 21ರ ಪರೀಕ್ಷೆಯನ್ನು ರದ್ದುಮಾಡಿ 31ಕ್ಕೆ ಇಟ್ಟರೆ, ಅದೂ ಬಯಲಾಯಿತು. ಕಡೆಗೆ ಎಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಒಂದೂವರೆ ಲಕ್ಷಕ್ಕೂ ಮಿಕ್ಕ ಮಕ್ಕಳು ಒಂದೇ ಪಾಠವನ್ನು ಮೂರು ಸಾರೆ ಎದೆಯೊಡೆದುಕೊಂಡು ಓದಬೇಕಾಯಿತು. ಬೀಗಗಳಿಗೆ ಅಂದು ಕೊರತೆಯಿರಲಿಲ್ಲ. ಬೀಗದ ಕೈ ಹಿಡಿದ ಮನುಷ್ಯನಲ್ಲಿಯೇ ಕೊರತೆ. ಗುಟ್ಟು ಕಾಯುವವನಿಗೆ ಶಿಕ್ಷಣ ಬೇಕೆಂಬುದಕ್ಕೆ ಬೇರೆ ದೃಷ್ಟಾಂತವೇಕೆ?

ಆದರೆ ಈ ವಿದ್ಯೆಗೆ ಇನ್ನೊಂದು ಮುಖವುಂಟು. ನಮ್ಮಲ್ಲಿ ಜಾರಿಯಲ್ಲಿರುವ ಸರಕಾರೀ ರಹಸ್ಯಗಳ ಕಾಯಿದೆಯು 1923ರದು; ಪರರಾಜ್ಯದವರು ತಮ್ಮ ಪ್ರಜೆಗಳನ್ನು ನಂಬದೆ ಮಾಡಿದ್ದು. 1994ರಲ್ಲಿ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿ ನಂಬಿ ನಾರಾಯಣನ್ ಅವರು ರಾಕೆಟ್ಟಿನ ರಹಸ್ಯಗಳನ್ನು ಮಾರಿದರೆಂಬ ಆರೋಪದ ಮೇಲೆ ಬಂದಿಗಳಾದರು. ಆರೋಪಕ್ಕೆ ಗುರಿಯಾದವರಲ್ಲಿ ಬೆಂಗಳೂರಿನವರೂ ಇದ್ದರು. 1996ರಲ್ಲಿ ಸಿಬಿಐ ಅದು ನಿರಾಧಾರವೆಂದು ವರದಿ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಬಂಧನವು ಅನಾವಶ್ಯಕವಾಗಿತ್ತೆಂದು ಹೇಳಿ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇಪ್ಪತ್ತುನಾಲ್ಕು ವರ್ಷಗಳು! ದ್ರವ್ಯದಿಂದ ಯಾವ ದಿನವು ಮರಳುವದು? ಗುಟ್ಟನ್ನು ಬಿಟ್ಟುಕೊಡುವದು ಹೇಗೆ ಪಾಪವೋ, ಗುಟ್ಟಿನ ಹೆಸರಿನಲ್ಲಿ ನಿರಪರಾಧಿಯನ್ನು ಹಿಂಡುವದು ಹಾಗೆಯೇ ಪಾಪ. ತಪ್ಪನ್ನು ಮುಚ್ಚಲು ಗುಪ್ತವೆಂಬ ಮುದ್ರೆ ಒತ್ತುವದು ಮೂರನೆಯ ಪಾಪ. 2005ರ ಮಾಹಿತಿ ಹಕ್ಕಿನ ಕಾಯಿದೆಯು ದೇಶದ ಭದ್ರತೆಯ ವಿಷಯಗಳನ್ನು ಹೊರಗಿಟ್ಟಿದ್ದರೂ, ಬಚ್ಚಿಡುವದರಿಂದಾಗುವ ಪ್ರಯೋಜನಕ್ಕಿಂತ ಹೇಳುವದರಲ್ಲಿ ಸಾರ್ವಜನಿಕ ಹಿತವು ಹೆಚ್ಚಾಗಿದ್ದರೆ ಹೇಳಬಹುದೆಂದು ದಾರಿ ಬಿಟ್ಟಿದೆ. ಯಾವುದನ್ನು ಮುಚ್ಚಬೇಕೆಂಬುದರಷ್ಟೇ ಯಾವುದನ್ನು ಮುಚ್ಚಕೂಡದೆಂಬುದೂ ಕಾವಲಿನವನಿಗೆ ತಿಳಿದಿರಬೇಕು.

ಇನ್ನು ಮನೆಯವರ ಮಾತು. ಎರಡು ವರ್ಷದ ಕೆಳಗೆ ಈ ಹುಡುಗನ ತಂದೆಗೆ ಮಗ್ಗದ ಮೇಲಿದ್ದಾಗಲೇ ಎದೆನೋವು ಬಂದು, ನೆರೆಯವರು ಅವನನ್ನು ಬಾಗಲಕೋಟೆಯ ಆಸ್ಪತ್ರೆಗೆ ಒಯ್ದರು. ಮಗನಿಗೆ ಮುಂಜಾನೆಯಿಂದ ಸಂಜೆಯ ವರೆಗೆ ಫೋನು ಮಾಡಿದರೂ ಉತ್ತರವಿಲ್ಲ. ಒಳಗೆ ಹೋಗುವಾಗ ಮೊಬೈಲನ್ನು ಹೆಬ್ಬಾಗಿಲಲ್ಲಿ ಬಿಟ್ಟುಹೋಗಬೇಕೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾಯಿಯು ಅತ್ತು ಅತ್ತು, “ಹೆತ್ತವರಿಗೂ ಹೇಳಲಾರದಂಥಾ ನೌಕರಿ ಯಾತರದ್ದು?” ಎಂದು ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನನ್ನು ಕೇಳಿದಳು. ಆ ದಿವಸ ನನ್ನ ಹತ್ತಿರ ಉತ್ತರವಿರಲಿಲ್ಲ. ದೇವರ ದಯೆಯಿಂದ ಯಜಮಾನನು ಗುಣಮುಖನಾದನು.

ಈ ಸಾರೆ ಮಗನನ್ನು ನಾನೇ ಕೇಳಿದೆನು: “ತಮ್ಮಾ, ನಿನ್ನ ಪಾಠದಲ್ಲಿ ತಂದೆತಾಯಿಗಳ ಅಧ್ಯಾಯವಿಲ್ಲವೇ?” ಅವನು ತಲೆ ತಗ್ಗಿಸಿ, “ಅದೂ ಐತ್ರಿ ಗುರುಗಳೇ. ಕೆಲಸ ಹೇಳಬಾರದು, ಕಚೇರಿ ಎಲ್ಲಿ, ಅಡಚಣಿ ಬಂದ್ರ ಯಾವ ನಂಬರಿಗೆ ಫೋನ್ ಮಾಡಬೇಕು, ಇದನ್ನ ಮನ್ಯಾಗ ಹೇಳಿರಬೇಕು” ಎಂದನು. ಹೆಬ್ಬಾಗಿಲ ಕಾವಲಿನವರ ನಂಬರು ಈಗ ಅವರ ಮನೆಯ ಪಂಚಾಂಗದ ಮೇಲೆ ದೊಡ್ಡ ಅಕ್ಷರಗಳಲ್ಲಿದೆ. ತಂದೆಯಂತೂ ಮಗನನ್ನು ಎಂದೂ ದೂರಿದವನಲ್ಲ. “ಮಾಸ್ತರ್ರೀ, ಖಣದಾಗ ಹೂವು ಮ್ಯಾಲೆ ಕಾಣತೈತಿ, ಅದನ್ನ ಹಿಡಿದ ಎಳಿ ಹಿಂದ ಇರತಾವು. ಹಿಂದಿನ ಎಳಿ ಕಾಣೂದಿಲ್ಲಂತ ಯಾರರೆ ಕೊಯ್ಯತಾರೇನ್ರಿ?” ಎಂದನು.

ಸಂಸಾರದಲ್ಲಿಯೂ ಇದೇ ನ್ಯಾಯ. ಒಬ್ಬರು ನಂಬಿ ಹೇಳಿದ ಕಷ್ಟ, ನೆರೆಮನೆಯ ಕನ್ನೆಯ ಸಂಬಂಧದ ಮಾತು, ಪರರ ಸಾಲದ ಲೆಕ್ಕ, ಇವುಗಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವದು ಸಜ್ಜನಿಕೆ. ಆದರೆ ಮನೆಯವರೊಳಗೆ ರೋಗವನ್ನು, ಸಾಲವನ್ನು, ಮಕ್ಕಳ ಮೇಲೆ ನಡೆದ ಅನ್ಯಾಯವನ್ನು ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವದು ಸಜ್ಜನಿಕೆಯಲ್ಲ, ಅದು ಮನೆಗೇ ಮುಳುವು. ಮಕ್ಕಳಿಗೆ ಬಾಯಿ ಬಿಡುವದನ್ನು ಕಲಿಸುವ ನಾವು ಬಾಯಿ ಹಿಡಿಯುವದನ್ನೂ, ಎಲ್ಲಿ ಹಿಡಿಯಕೂಡದೆಂಬುದನ್ನೂ ಕಲಿಸಬೇಕು. ಈ ಪರೀಕ್ಷೆಗೆ ಪ್ರಮಾಣಪತ್ರ ಕೊಡುವವರು ಯಾರೂ ಇಲ್ಲ. ತೇರ್ಗಡೆಯಾದವರ ಮನೆಯಲ್ಲಿ ನೆಮ್ಮದಿಯಿರುವದು, ಅಷ್ಟೆ.