ಮಾನಸಗಂಗೋತ್ರಿಗೆ ಎರಡು ಪ್ರಯಾಣ

ಮುಳ್ಳೇರಿಯದ ಕಡೆಯಿಂದ ಮೈಸೂರಿಗೆ ಹೋಗುವವರಿಗೆ ದಾರಿಗಳು ಎರಡು. ಕಾಸರಗೋಡಿಗೆ ಇಳಿದು ಮಂಗಳೂರಿನ ಮೂಲಕ ಸುತ್ತಿಕೊಂಡು ಹೋಗುವುದು ಒಂದು. ಆದೂರು, ಜಾಲ್ಸೂರುಗಳ ಮೇಲೆ ಸುಳ್ಯವನ್ನು ಸೇರಿ, ಅಲ್ಲಿಂದ ಸಂಪಾಜೆಯ ಘಟ್ಟವನ್ನೇರಿ, ಮಡಿಕೇರಿ ಹುಣಸೂರುಗಳನ್ನು ಹಾಯ್ದು ಹೋಗುವುದು ಇನ್ನೊಂದು. ಈ ಎರಡನೆಯ ದಾರಿಯಲ್ಲಿ 1982ರಲ್ಲಿ ಒಂದು ತಗಡಿನ ಪೆಟ್ಟಿಗೆಯೊಡನೆ ನಾನು ವಿದ್ಯಾರ್ಥಿನಿಯಾಗಿ ಹೋಗಿದ್ದೆನು. ಕಳೆದ ನವೆಂಬರ ತಿಂಗಳಲ್ಲಿ ತಮ್ಮನ ಮಗಳನ್ನು ಅದೇ ದಾರಿಯಲ್ಲಿ ಕರೆದುಕೊಂಡು ಹೋಗಿ ವಿದ್ಯಾರ್ಥಿನಿಲಯದಲ್ಲಿ ಬಿಟ್ಟು ಬಂದೆನು.

ಸುಳ್ಯದಿಂದ ಸಂಪಾಜೆಯವರೆಗೆ ಪಯಸ್ವಿನಿಯು ರಸ್ತೆಯ ಜೊತೆಗೇ ಇರುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಈ ಹೊಳೆಯೇ ನಮ್ಮ ಸೀಮೆಗಿಳಿದು ಚಂದ್ರಗಿರಿಯೆಂಬ ಹೆಸರಿನಿಂದ ಕಡಲನ್ನು ಸೇರುವುದು. ನೀರು ನಮ್ಮೂರ ಕಡೆಗೆ ಹರಿಯುತ್ತಿದೆ, ನಾನು ಮಾತ್ರ ಅದಕ್ಕೆ ಎದುರಾಗಿ ಹೋಗುತ್ತಿದ್ದೇನೆ ಎಂದು ಅಂದು ಕಿಟಕಿಯ ಬಳಿ ಕುಳಿತು ಕಣ್ಣೊರೆಸಿಕೊಂಡದ್ದು ನೆನಪಿದೆ. ಪಕ್ಕದಲ್ಲಿದ್ದ ಅಪ್ಪ ಅದನ್ನು ನೋಡಿಯೂ ನೋಡದವರಂತೆ ಎಲೆಯಡಿಕೆ ಮೆಲ್ಲುತ್ತಿದ್ದರು. ಈ ಸಲ ಕಿಟಕಿಯ ಬಳಿ ಸೊಸೆ ಕುಳಿತಿದ್ದಳು. ಅವಳು ಅಳಲಿಲ್ಲ, ಕೈಯಲ್ಲಿನ ಮೊಬೈಲನ್ನೇ ನೋಡುತ್ತಿದ್ದಳು. ಆದರೆ ಅದರ ಪರದೆ ಬಹಳ ಹೊತ್ತಿನಿಂದ ಕಪ್ಪಾಗಿದ್ದುದನ್ನು ನಾನು ಗಮನಿಸಿದ್ದೆನು.

ಜೋಡುಪಾಲದ ಬಳಿ ಗುಡ್ಡದ ಮೈ ಇನ್ನೂ ಹೊಸದಾಗಿಯೇ ಕಾಣುತ್ತದೆ. 2018ರ ಆಗಸ್ಟಿನ ಮಳೆಗೆ ಇಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ಮಡಿಕೇರಿಯ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮಡಿಕೇರಿಯಲ್ಲಿ ಕಾಫಿ ಕುಡಿದೆವು. ಅಲ್ಲಿಂದ ಮುಂದಕ್ಕೆ ಅಡಕೆ, ತೆಂಗುಗಳು ಹಿಂದುಳಿದು, ಕುಶಾಲನಗರ ದಾಟಿದ ಮೇಲೆ ನೆಲ ಬಯಲಾಗುತ್ತದೆ. ಕರಾವಳಿಯವರಿಗೆ ಈ ಬಯಲು ಮೊದಲ ನೋಟಕ್ಕೆ ಏನನ್ನೋ ಕಳೆದುಕೊಂಡಂತೆ ತೋರುವುದು. ನಾಲ್ಕೂ ಕಡೆ ಗುಡ್ಡವಿಲ್ಲದ ಊರಿನಲ್ಲಿ ಜನರು ಹೇಗೆ ನಿದ್ರಿಸುತ್ತಾರೋ ಎಂದು ನನಗೆ ಆಗ ಅನಿಸಿತ್ತು.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದದ್ದು. ಸ್ನಾತಕೋತ್ತರ ಅಧ್ಯಯನಕ್ಕಾಗಿ ಕುಕ್ಕರಹಳ್ಳಿ ಕೆರೆಯ ಬದಿಯಲ್ಲಿ ಪ್ರತ್ಯೇಕ ಆವರಣವೊಂದು 1960ರಲ್ಲಿ ರೂಪುಗೊಂಡಾಗ ಕುಲಪತಿಗಳಾಗಿದ್ದ ಕುವೆಂಪು ಅವರು ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಗಂಗೋತ್ರಿಯೆಂದರೆ ಹೊಳೆ ಹುಟ್ಟುವ ಎಡೆ. ಹೊಳೆಗೆ ಎದುರಾಗಿ ಬಂದವಳಿಗೆ ಆ ಹೆಸರು ಸಮಾಧಾನ ಕೊಡಬೇಕಾಗಿತ್ತು. ಮೊದಲ ನಾಲ್ಕು ತಿಂಗಳು ಅದು ಕೊಡಲಿಲ್ಲ.

ಪ್ರವೇಶದ ಅರ್ಜಿಯಲ್ಲಿಯೇ ತೊಡಕು ಮೊದಲಾಯಿತು. 'ರಾಜ್ಯ' ಎಂಬಲ್ಲಿ ಕೇರಳವೆಂದು ಬರೆದೆನು. 'ಮಾತೃಭಾಷೆ' ಎಂಬಲ್ಲಿ ಕನ್ನಡವೆಂದು ಬರೆದೆನು. ಈ ಎರಡು ಉತ್ತರಗಳನ್ನು ಒಟ್ಟಿಗೆ ಓದಿದವರೆಲ್ಲ ಒಮ್ಮೆ ತಲೆಯೆತ್ತಿ ನನ್ನ ಮುಖವನ್ನು ನೋಡುತ್ತಿದ್ದರು. ನಮ್ಮ ತಾಲೂಕು 1956ರ ನವೆಂಬರ 1ರಂದು ಕೇರಳಕ್ಕೆ ಸೇರಿದ್ದು, ಚಂದ್ರಗಿರಿಯ ಉತ್ತರಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಅದು ಆಗದೆ ಉಳಿದದ್ದು ನಮ್ಮ ವಾಚಕರಿಗೆ ಹೇಳಬೇಕಾದ ಸಂಗತಿಯಲ್ಲ. ಆದರೆ ಸಹಪಾಠಿಗಳಿಗೆ ಇದನ್ನು ಎಷ್ಟು ಸಲ ಹೇಳಲಿ? "ಕೇರಳದವರಾಗಿ ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ!" ಎಂದು ಒಬ್ಬಳು ಮನಃಪೂರ್ವಕವಾಗಿ ಮೆಚ್ಚಿಕೊಂಡಳು. ಊರಿನ ಪೇಟೆಯಲ್ಲಿ ನಾವು ಕನ್ನಡದವರು; ಕನ್ನಡದ ನಡುಮನೆಯಲ್ಲಿ ಕೇರಳದವರು. ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ವಲಸೆ ಪ್ರಮಾಣಪತ್ರವನ್ನು ನಾನು ಸಕಾಲದಲ್ಲಿ ತರಿಸಿಕೊಳ್ಳದೆ ಹೋಗಿದ್ದೆನು. ತಪ್ಪು ನನ್ನದೇ. ಅದು ಕೈಸೇರುವವರೆಗೆ ಪ್ರವೇಶವು ತಾತ್ಕಾಲಿಕವೆನಿಸಿತ್ತು. ಆ ಪದವು ರಾತ್ರಿಯೆಲ್ಲ ನನ್ನ ಕಿವಿಯಲ್ಲಿ ಇರುತ್ತಿತ್ತು.

ಮಾತಿನದು ಬೇರೊಂದು ಸಂಕಟ. ನಮ್ಮ ಮನೆಮಾತು ಹವ್ಯಕ ಕನ್ನಡ. ಪೇಟೆಯಲ್ಲಿ ತುಳು, ಮಲಯಾಳ. ಶಾಲೆಯಲ್ಲಿ ಕಲಿತದ್ದು ಗ್ರಂಥಸ್ಥ ಕನ್ನಡ. ಹೊರಗಿನವರೊಡನೆ ಮಾತಾಡುವಾಗ ನಮಗೆ ಒದಗುವುದು ಈ ಕೊನೆಯದೇ. ಇಡಿಯ ಕ್ರಿಯಾಪದಗಳನ್ನು ಹಾಕಿ ನಾನು ಮಾತಾಡಿದರೆ "ಯಕ್ಷಗಾನ ಶುರುವಾಯ್ತು" ಎಂದು ನಗುತ್ತಿದ್ದರು. ಬಾಯ್ತಪ್ಪಿ 'ಉಂಟು', 'ಎಂತ' ಎಂದರೆ ಇನ್ನೂ ಹೆಚ್ಚು ನಗು. ಅದರಲ್ಲಿ ದ್ವೇಷವಿರಲಿಲ್ಲವೆಂದು ಈಗ ತಿಳಿಯುತ್ತದೆ. ಆಗ ನಾನು ಮಾಡಿದ್ದೇನೆಂದರೆ, ಮಾತನ್ನೇ ಕಡಿಮೆ ಮಾಡಿದ್ದು. ಅರ್ಥಶಾಸ್ತ್ರದ ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಅರ್ಧ ಪಾಠ ಬರೆದುಕೊಳ್ಳುವುದರಲ್ಲೇ ಕಳೆದುಹೋಗುತ್ತಿತ್ತು. ತಿಳಿಯದ್ದನ್ನು ಕೇಳಬಹುದಾಗಿತ್ತು. ಯಾವ ಭಾಷೆಯಲ್ಲಿ ಕೇಳುವುದು?

ಸಣ್ಣ ಸಂಗತಿಗಳೂ ಸೇರಿಕೊಂಡವು. ಕುಚ್ಚಿಲಕ್ಕಿಯ ಗಂಜಿಯಿಲ್ಲದೆ ಹೊಟ್ಟೆ ತುಂಬಿದಂತಾಗುತ್ತಿರಲಿಲ್ಲ. ಒಣಹವೆಗೆ ತುಟಿ, ಹಿಮ್ಮಡಿಗಳು ಒಡೆದವು. ನಮ್ಮಲ್ಲಿ ಧನುರ್ಮಾಸದ ಮುಂಜಾವಿನಲ್ಲಿ ಮಾತ್ರ ಹೆಪ್ಪುಗಟ್ಟುವ ತೆಂಗಿನೆಣ್ಣೆ ಅಲ್ಲಿ ದಿನವಿಡೀ ಬಾಟಲಿಯಲ್ಲಿ ಬಿಳಿಯ ಕಲ್ಲಿನಂತೆ ಕುಳಿತಿರುತ್ತಿತ್ತು. ಅಬ್ಬೆ ಕಟ್ಟಿಕೊಟ್ಟ ಎಣ್ಣೆ ಹಾಳಾಯಿತೆಂದು ತಿಳಿದು ಒಂದು ದಿನ ಅದನ್ನು ಚೆಲ್ಲಿಬಿಟ್ಟೆನು. ಚೆಲ್ಲಿದ ಮೇಲೆ ಬಿಸಿಲಿಗೆ ಅದು ಕರಗಿ ತಿಳಿಯಾಗಿ ಹರಿಯುವುದನ್ನು ಕಂಡು ನೆಲದ ಮೇಲೆ ಕುಳಿತು ಅತ್ತೆನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹೊಸ ಊರಿನಲ್ಲಿ ಮನುಷ್ಯನನ್ನು ಉರುಳಿಸುವುದು ಇಂಥವುಗಳೇ.

ಇಷ್ಟೆಲ್ಲದರ ಹಿಂದೆ ಇನ್ನೊಂದು ಭಾರವಿತ್ತು. ನಮ್ಮ ಕುಟುಂಬದಲ್ಲಿ ಹೊರಗೆ ಹೋಗಿ ಓದಿದ ಹೆಣ್ಣುಮಕ್ಕಳಿರಲಿಲ್ಲ. ಅಜ್ಜಿಗೆ ಒಪ್ಪಿಗೆಯಿರಲಿಲ್ಲ. ನಾನು ಸೋತು ಹಿಂದಿರುಗಿದರೆ ನನ್ನ ಹಿಂದೆ ಇದ್ದ ಇಬ್ಬರು ತಂಗಿಯರ ಓದಿಗೂ ಅಲ್ಲಿಗೇ ತೆರೆ. ಅಡಕೆಗೆ ಬೆಲೆಯಿಲ್ಲದ ತಿಂಗಳಲ್ಲಿಯೂ ಅಪ್ಪನ ಮನಿಯಾರ್ಡರು ತಪ್ಪುತ್ತಿರಲಿಲ್ಲ. ಅದರ ಚೀಟಿಯಲ್ಲಿ 'ಎಲ್ಲರೂ ಸೌಖ್ಯ' ಎಂಬ ಒಂದೇ ಸಾಲು. ನಾನೂ ಹಾಗೆಯೇ ಬರೆಯುತ್ತಿದ್ದೆನು.

ನಮ್ಮ ತರಗತಿಯಲ್ಲಿ ಬಯಲುಸೀಮೆಯ ಒಬ್ಬ ಹುಡುಗನಿದ್ದನು, ಮೃದುಸ್ವಭಾವದವನು. ದಸರಾ ರಜೆಗೆ ಊರಿಗೆ ಹೋದವನು ಮರಳಿ ಬರಲಿಲ್ಲ. ಹಾಜರಿ ಕರೆಯುವಾಗ ಕೆಲವು ದಿನ ಅವನ ಹೆಸರು ಬರುತ್ತಿತ್ತು, ಆಮೇಲೆ ಬರುವುದು ನಿಂತಿತು. ಅವನಿಗೆ ಏನಾಗಿತ್ತೆಂದು ನಾವಾರೂ ವಿಚಾರಿಸಲಿಲ್ಲ. ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅವನ ಪಕ್ಕದ ಬೆಂಚಿನಲ್ಲಿಯೇ ನಾನೂ ಅದೇ ಯೋಚನೆಯಲ್ಲಿ ಕುಳಿತಿದ್ದೆನಲ್ಲ!

ದೀಪಾವಳಿಗೆ ಮನೆಗೆ ಹೋದಾಗ ನಾನು ಪೆಟ್ಟಿಗೆಯನ್ನೂ ಒಯ್ದಿದ್ದೆನು. ಎರಡು ದಿನದ ರಜೆಗೆ ಪೆಟ್ಟಿಗೆಯೇಕೆಂದು ಯಾರೂ ಕೇಳಲಿಲ್ಲ. ಹೊರಡುವ ಹಿಂದಿನ ರಾತ್ರಿ ಜಗಲಿಯಲ್ಲಿ ಅಪ್ಪ ಹೇಳಿದರು: "ಎಡಿಗಾದರೆ ಓದು. ಎಡಿಯದ್ದರೆ ಬಾ. ಹೆದರೆಡ." ಆದರೆ ಓದು, ಆಗದಿದ್ದರೆ ಬಾ, ಹೆದರಬೇಡ, ಇಷ್ಟೇ ಅದರ ಅರ್ಥ. ಬಾಗಿಲು ತೆರೆದಿದೆಯೆಂದು ತಿಳಿದ ಮೇಲೆ ಓಡಿಹೋಗಬೇಕೆಂಬ ಆತುರ ಹೇಗೋ ಇಳಿಯಿತು. ಮರುದಿನ ಪೆಟ್ಟಿಗೆಯೊಡನೆ ಮರಳಿದೆನು.

ಅನಂತರ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಹೋಯಿತು, ಮತ್ತೆ ಬರೆದೆನು. ಒಂದು ಬದಲಾವಣೆಯಾಯಿತು, ಅದು ಕೊಠಡಿಯ ಗೆಳತಿಯಿಂದ. ಕೊಳ್ಳೇಗಾಲದ ಕಡೆಯವಳಾದ ಅವಳು ನಾಲ್ಕು ತಿಂಗಳು ನನ್ನಷ್ಟೇ ಮೌನವಾಗಿದ್ದಳು. ಗರ್ವವೆಂದು ನಾನು ಭಾವಿಸಿದ್ದೆನು. ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಅವಳೇ ಹೇಳಿದಳು: ತನ್ನ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ, 'ಹೋಗು' ಎನ್ನಲು ಹೋದರೆ 'ಓಗು' ಎಂದಾಗುತ್ತದೆ, ಅದಕ್ಕೇ ಬಾಯಿ ತೆರೆಯುವುದಿಲ್ಲ ಎಂದು. ಕರ್ನಾಟಕದ ಒಳಗೇ ಹುಟ್ಟಿದವಳಿಗೂ ಈ ಭಯವೇ! ನಮಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಸಂಜೆಯ ತಿರುಗಾಟದಲ್ಲಿ ಅಂದಂದಿನ ಪಾಠವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ರೂಢಿಯಾಯಿತು, ಅವಳು ಅವಳ ಕನ್ನಡದಲ್ಲಿ, ನಾನು ನನ್ನ ಕನ್ನಡದಲ್ಲಿ. ಕನ್ನಡದಲ್ಲಿ ಬಿಡಿಸಿ ಹೇಳಲಾಗದ್ದು ನಮಗೆ ಇಂಗ್ಲಿಷಿನಲ್ಲಿಯೂ ತಿಳಿದಿಲ್ಲವೆಂದು ಆಗ ಗೊತ್ತಾಗುತ್ತಿತ್ತು. ಮುಂದೆ ಊರಿನ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜಪಾಠ ಹೇಳಿದ ವರ್ಷಗಳಲ್ಲೆಲ್ಲ ಆ ಏರಿಯ ಅಭ್ಯಾಸವೇ ನನ್ನ ಕೈಹಿಡಿಯಿತು. ತಂಗಿಯರಿಬ್ಬರೂ ಓದಿದರು.

ಈ ಸಲ ಸೊಸೆಯ ಕಾಗದಪತ್ರಗಳನ್ನು ನಾನೇ ಮೂರು ಸಲ ಎಣಿಸಿದೆನು. ಕಾಸರಗೋಡಿನ ಕಾಲೇಜುಗಳು ಈಗ 1996ರಲ್ಲಿ ಆರಂಭವಾದ ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದವು. ವಲಸೆ ಪತ್ರ ಅಲ್ಲಿಂದ ಬಂದಿತ್ತು. ಅವಳದು ಭೂಗೋಳಶಾಸ್ತ್ರ. ಕೆಲಸ ಮುಗಿಸಿ ಸಂಜೆ ಕೆರೆಯ ಬದಿಗೆ ಹೋದೆವು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಕುವೆಂಪು ಅವರು ತಿರುಗಾಡುತ್ತಿದ್ದ ದಾರಿಯಿದು ಎಂದು ನಾನು ಹೇಳಲು ಹೊರಟೆನು. ಅವಳು ಕೇಳುವ ಮನಸ್ಸಿನಲ್ಲಿರಲಿಲ್ಲ. "ಅತ್ತೆ, ನನಗೆ ಆಗದಿದ್ದರೆ?" ಎಂದಳು. ನಾನು ಅಪ್ಪನ ಮೂರು ಮಾತುಗಳನ್ನೇ ಹೇಳಿದೆನು. ಜೊತೆಗೆ, ನಮ್ಮ ಕಾಲದಲ್ಲಿ ಇಲ್ಲದ ಒಂದನ್ನೂ ಅವಳ ಮೊಬೈಲಿನಲ್ಲಿ ಬರೆಯಿಸಿದೆನು: 14416. ಮನಸ್ಸು ಕುಗ್ಗಿದವರು ಹಣ ತೆರದೆ ಹಗಲು ರಾತ್ರಿ ಮಾತಾಡಬಹುದಾದ, 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಅದು, ಕನ್ನಡದಲ್ಲಿಯೂ ದೊರೆಯುತ್ತದೆ. ಬರೆದುಕೊಳ್ಳುವಾಗ ಅವಳು ಸ್ವಲ್ಪ ನಕ್ಕಳು. ಆ ಬಯಲುಸೀಮೆಯ ಹುಡುಗನ ಕಥೆಯನ್ನು ಹೇಳಿದ ಮೇಲೆ ನಗಲಿಲ್ಲ.

ಊರಿಗೆ ಮರಳಿ ವಾರವಾಗಿರಬಹುದು. ಪ್ರತಿದಿನ ಸಂಜೆ ಬರುತ್ತಿದ್ದ ಅವಳ ಕರೆ ಒಂದು ದಿನ ಬೆಳಗ್ಗೆಯೇ ಬಂದಿತು. ನನ್ನ ಎದೆ ಒಮ್ಮೆ ಹೊಡೆದುಕೊಂಡಿತು.

"ಅತ್ತೇ, ಅಬ್ಬೆ ಕಳುಸಿದ ಎಣ್ಣೆ ಗಟ್ಟಿ ಆಯಿದು. ಹಾಳಾತೋ?"

"ಇಲ್ಲೆ," ಎಂದೆನು. "ಚೆಲ್ಲೆಡ. ಬಿಸಿಲಿಂಗೆ ಮಡುಗು."